ಆರಬಾರದ ಒಲೆ

ಮಧ್ಯಾಹ್ನ ಎರಡೂ ಮುಕ್ಕಾಲಿಗೆ ನಮ್ಮ ಮನೆಯ ಬಾಗಿಲು ಹಾಕಿಕೊಳ್ಳಲಿಲ್ಲ.

ಹೊತ್ತು ಇಷ್ಟು ಸರಿಯಾಗಿ ನೆನಪಿರುವುದಕ್ಕೆ ಕಾರಣವಿದೆ. ಶಹಾಪುರದ ನಮ್ಮ ಸಾಲುಮನೆಗಳ ತುದಿಗೆ ಮನೆ ಸಂಘದ ಕಚೇರಿ ಇತ್ತು. ನಾನು ಅಲ್ಲಿ ಕ್ಲರ್ಕ್. ಸಂಘದ ಅಧ್ಯಕ್ಷರು ಬೆಳಿಗ್ಗೆಯೇ ಯಾದಗಿರಿಯ ಬ್ಯಾಂಕಿಗೆ ಹೋಗಿದ್ದರು, ಮೂರರ ಬಸ್ಸಿಗೆ ಬರಬೇಕಿತ್ತು. ಬ್ಯಾಂಕಿನವರು ಏನೆಂದರೋ ಎಂಬ ದಿಗಿಲಿನಲ್ಲಿ ನಾನು ಗೋಡೆಯ ಗಡಿಯಾರವನ್ನೇ ನೋಡುತ್ತ ಕುಳಿತಿದ್ದೆ. ಆಗ ಅವ್ವ ಬಂದು ಕಚೇರಿಯ ಹೊಸ್ತಿಲಲ್ಲಿ ನಿಂತಳು. ಕೈಗೆಲ್ಲ ಜೋಳದ ಹಿಟ್ಟು ಮೆತ್ತಿತ್ತು.

"ಬಾಗ್ಲಾ ಹಾಕ್ಕೊಳವಲ್ದು ನೋಡವಾ."

"ಕಟಗಿ ಉಬ್ಬಿರ್ತದ. ಎಣ್ಣಿ ಹಚ್ಚು."

"ಉಬ್ಬಾಕ ಮಳಿ ಎಲ್ಲದ? ನಿನ್ನಿ ಛಲೋತ್ನಾಗಿ ಹಾಕ್ಕೊಂಡಿತ್ತು. ಇವತ್ತ ಚೌಕಟ್ಟೇ ವಾರಿ ಆಗ್ಯಾದ."

ದೀಪಾವಳಿ ಮುಗಿದಿತ್ತು. ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಆದರೆ ನಮ್ಮ ಸಾಲಿನ ಹಿಂದೆ ಹಾದುಹೋಗುವ ಉಪಕಾಲುವೆಗೆ ಹಿಂದಿನ ವಾರವಷ್ಟೇ ಮೊದಲ ಸಲ ನೀರು ಬಿಟ್ಟಿದ್ದರು. ಮನೆಗಳು ನಿಂತಿದ್ದು ಯರೆಮಣ್ಣಿನ ಮೇಲೆ. ಒಣಗಿದರೆ ಕೈ ಹೋಗುವಷ್ಟು ಬಿರಿಯುವ ಮಣ್ಣು ಅದು, ನೀರು ಕುಡಿದರೆ ಮೈಯುಬ್ಬಿಸಿಕೊಂಡು ಮೇಲಿದ್ದದ್ದನ್ನೆಲ್ಲ ಎತ್ತುತ್ತದೆ. ಮನೆ ಕಟ್ಟಿದಾಗ ಕಾಲುವೆ ಇರಲಿಲ್ಲ, ಕಾಲುವೆ ತೋಡುವ ಕೂಲಿಗಳಿಗೆಂದೇ ಆ ಮನೆ ಕಟ್ಟಿದ್ದು. ನಮ್ಮಪ್ಪ ಆ ಕೂಲಿಗಳಲ್ಲೊಬ್ಬ. ದೇವಾಪುರದಿಂದ ಅವ್ವನನ್ನು ಕರೆತಂದು ಆ ಮನೆಯಲ್ಲಿ ಒಲೆ ಹೂಡಿದ. ನಾನು ಹುಟ್ಟಿದ್ದು ಅಲ್ಲಿಯೇ. ಕಾಲುವೆಗೆ ನೀರು ಬರುವುದನ್ನು ನೋಡದೆ ಅವನು ತೀರಿಕೊಂಡ. ಮನೆ ನಮಗೆ ಉಳಿಯಿತು.

ಉಳಿದದ್ದು ಒಂದು ನಿಯಮದಿಂದ. ಆ ನಿಯಮವನ್ನು ಇಲ್ಲಿ ಹೇಳಲೇಬೇಕು. ಆ ದಿನ ನಡೆದದ್ದೆಲ್ಲ ಅದರಿಂದಲೇ ನಡೆಯಿತು.

ಸಂಘಕ್ಕೆ ಜಾಗ ಕೊಡುವಾಗ ಸರಕಾರ ಹಾಕಿದ್ದ ಷರತ್ತು ಹೀಗಿತ್ತು: ಮೊದಲು ಬಂದ ಕುಟುಂಬ ಎಲ್ಲಿಯವರೆಗೆ ಮನೆಯಲ್ಲಿ ಇರುತ್ತದೋ ಅಲ್ಲಿಯವರೆಗೆ ಅದರ ಬಾಡಿಗೆ, ನಮ್ಮ ಮಾತಿನಲ್ಲಿ ಕಿರಾಯಿ, ಏರಿಸುವಂತಿಲ್ಲ. ಮನೆ ಖಾಲಿಯಾದರೆ ಮಾತ್ರ ಸಂಘ ಪೇಟೆಯ ದರ ನೋಡಿ ಹೊಸ ಕಿರಾಯಿ ಗೊತ್ತುಮಾಡಬಹುದು. ಬಡವರನ್ನು ಕಾಯಲೆಂದು ಮಾಡಿದ ನಿಯಮ, ಕಾಯಿತು ಕೂಡ. ಆದರೆ ಕಿರಾಯಿ ನಿಂತಲ್ಲೇ ನಿಂತಿತು, ಸುಣ್ಣ, ಕಲ್ಲು, ಗೋಡೆ ಕಟ್ಟುವ ಗವಂಡಿಯ ಕೂಲಿ ನಿಲ್ಲಲಿಲ್ಲ. ಕಾಲುವೆ ಕೆಲಸ ಜೋರಾದ ಮೇಲಂತೂ ಕಟ್ಟುವ ಕೈಗಳೆಲ್ಲ ಅಲ್ಲಿಗೇ ಹೋದವು. ನಮ್ಮ ಸಂಘ ಮನೆ ಕಟ್ಟಲು ತಂದಿದ್ದ ಬ್ಯಾಂಕ್ ಸಾಲದ ಕಂತು ಕಟ್ಟಿ ಬದುಕಿದ್ದು ಖಾಲಿಯಾದ ನಾಲ್ಕೈದು ಮನೆಗಳಿಂದ. ಅವುಗಳಲ್ಲಿ ಕಾಲುವೆಯ ಮೇಸ್ತ್ರಿಗಳು, ಗುತ್ತಿಗೆದಾರರ ಗುಮಾಸ್ತರು ಹೊಸ ಕಿರಾಯಿ ಕೊಟ್ಟು ಇದ್ದರು. ಅವರ ದುಡ್ಡು ನಮ್ಮ ಮನೆಯ ಸುಣ್ಣವಾಗುತ್ತಿತ್ತು. ಕೆಲಸ ಮುಗಿದು ಅವರು ಗುಡಾರ ಕಿತ್ತು ಬೇರೆ ಕಡೆ ಹೋದರು. ಆ ಮನೆಗಳಿಗೆ ಬೀಗ ಬಿತ್ತು. ಅಂದಿನಿಂದ ಸಂಘಕ್ಕೆ ಕಂತು ಕಟ್ಟುವುದೇ ಕಷ್ಟವಾಯಿತು, ಮರಮ್ಮತ್ತು ಎಂಬ ಮಾತು ಸಭೆಯಲ್ಲಿ ಏಳುವುದೇ ನಿಂತಿತು.

ಖಾಲಿ ಎಂದರೆ ಏನು? ಅದನ್ನು ಸಾಲಿನವರು ಒಂದು ಕಹಿ ಪಾಠದಿಂದ ಕಲಿತಿದ್ದರು. ನಮ್ಮ ಎದುರು ಮನೆಯ ಹೆಂಗಸು ಮಗಳ ಬಾಣಂತನಕ್ಕೆಂದು ಸುರಪುರಕ್ಕೆ ಹೋಗಿ ತಿಂಗಳುಗಟ್ಟಲೆ ಉಳಿದಳು. ತಿರುಗಿ ಬಂದಾಗ ಸಂಘದ ಕಮಿಟಿಯವರು, ಮನೆಯಲ್ಲಿ ಒಲೆ ಹೊತ್ತಿಲ್ಲ, ಹೊಗೆ ಎದ್ದಿಲ್ಲ, ಮನೆ ಖಾಲಿಯಾಗಿತ್ತು ಎಂದು ಹೊಸ ಕಿರಾಯಿ ಹೇಳಿದರು. ಅವಳು ಪಾತ್ರೆ ಕಟ್ಟಿಕೊಂಡು ಮಗಳ ಊರಿಗೇ ಹೋದಳು. ಅಂದಿನಿಂದ ನಮ್ಮ ಸಾಲಿನಲ್ಲಿ ಒಲೆ ಕಾಯುವುದು ಎಂಬ ಪದ್ಧತಿ ಶುರುವಾಯಿತು. ಮದುವೆಯಿರಲಿ, ಸತ್ತವರ ಮಣ್ಣಿರಲಿ, ಮನೆಯಲ್ಲಿ ಒಬ್ಬರು ಉಳಿಯಲೇಬೇಕು. ರಾತ್ರಿ ಕೆಂಡದ ಮೇಲೆ ಬೂದಿ ಮುಚ್ಚಿ, ನಡುವೆ ಒಮ್ಮೆ ಎದ್ದು ಸಗಣಿಯ ಕುಳ್ಳು ಇಡಬೇಕು. ಯಾರ ಒಲೆಯಾದರೂ ಆರಿದರೆ ಪಕ್ಕದ ಮನೆಯಿಂದ ಕೆಂಡ ಬರುತ್ತಿತ್ತು. ನಮ್ಮ ಮನೆಯಲ್ಲಿ ವರ್ಷಗಳಿಂದ ಕಡ್ಡಿಪೆಟ್ಟಿಗೆಯನ್ನೇ ಕೊಂಡಿರಲಿಲ್ಲ.

ನಾನು ಯಾದಗಿರಿಯ ಕಾಲೇಜಿನಲ್ಲಿ ಬಿ.ಕಾಂ. ಓದಿ ಬಂದು ಅದೇ ಸಂಘದಲ್ಲಿ ಕೆಲಸಕ್ಕೆ ಸೇರಿದೆ. ಸಾಲಿನವರ ಕಣ್ಣಿಗೆ ಅರ್ಧ ಆಚೆಯವಳಾದೆ.

ಅವ್ವನ ಜೊತೆ ಮನೆಗೆ ಹೋಗಿ ನೋಡಿದೆ. ಬಾಗಿಲ ಮೇಲಿನ ಮೂಲೆಯಿಂದ ಒಂದು ಬಿರುಕು ಹೊರಟು ದೀಪದ ಮಾಡದವರೆಗೆ ಬಂದಿತ್ತು. ಬೆಳಿಗ್ಗೆ ನಾನು ದೀಪ ಹಚ್ಚಿದಾಗ ಅದು ಇರಲಿಲ್ಲ. ಹಿಂದಿನ ಗೋಡೆ ಹೊಟ್ಟೆ ಬಿಟ್ಟಂತೆ ಒಳಕ್ಕೆ ಬಾಗಿ, ತಲೆ ಹೊರಕ್ಕೆ ಸರಿದಿತ್ತು. ಮೇಲೆ ಮರದ ತೊಲೆಗಳು, ತೊಲೆಗಳ ಮೇಲೆ ಫರಸಿ ಕಲ್ಲು, ಅದರ ಮೇಲೆ ಮಣ್ಣು. ತೊಲೆಯ ತುದಿ ಗೋಡೆಯೊಳಗೆ ಗೇಣಷ್ಟಾದರೂ ಕೂತಿರಬೇಕು. ಈಗ ಬೆರಳಷ್ಟೇ ಕೂತಿತ್ತು.

ಪಕ್ಕದ ಮನೆಯ ಕಾಕಾ ತನ್ನ ಗೋಡೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಆ ಕಾಲುವೆಗೆ ನೀರು ಕೊಟ್ಟ ಕೃಷ್ಣಾ ನದಿಯ ದಂಡೆಯವನು, ಶಹಾಪುರದ ಸಂತೆಯಲ್ಲಿ ಮೀನು ಮಾರುತ್ತಿದ್ದ.

"ನದಿ ಬಿಟ್ಟು ದೂರ ಬಂದ್ರ ನದಿನೇ ನನ್ನ ಹುಡುಕ್ಕೊಂತ ಬಂದಾದ ನೋಡು ಮಗಳ," ಎಂದ. "ನಿಮ್ಮ ಕಡೀನೂ ಬಿರಿದಾದೇನು?"

ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕಾಲುವೆಗೆ ಬೆನ್ನು ಹಾಕಿದ್ದ ಮನೆಗಳಿಗೆಲ್ಲ ಓಡಾಡಿದೆ. ಎಲ್ಲ ಕಡೆ ಅದೇ ಬಿರುಕು, ಅದೇ ಬಾಗಿದ ಗೋಡೆ.

ಅಧ್ಯಕ್ಷರು ಬಸ್ಸಿಳಿದು ಬಂದರು. ವನದುರ್ಗದ ಕಡೆಯವರು, ನಿವೃತ್ತ ಹೆಡ್‌ಮಾಸ್ತರು. ಎಲ್ಲರಿಗೂ ಅವರು ಮಾಸ್ತರೇ. ಅವರ ಮುಖ ನೋಡಿದರೆ ಬ್ಯಾಂಕಿನ ಉತ್ತರ ಕೇಳಬೇಕಾಗಿರಲಿಲ್ಲ. ನಾನು ಬಿರುಕಿನ ವಿಷಯ ಹೇಳಿದೊಡನೆ ಚೀಲವನ್ನು ಕಚೇರಿಯ ಕಟ್ಟೆಯ ಮೇಲೆ ಬಿಟ್ಟು, ಸಂತೆಪೇಟೆಯಿಂದ ಒಬ್ಬ ಗವಂಡಿಯನ್ನು ಕರೆತಂದರು. ಗವಂಡಿ ನಮ್ಮ ಮನೆಯೊಳಗೆ ಹೆಜ್ಜೆಯಿಟ್ಟವನು ತೊಲೆ ನೋಡಿ ಅಲ್ಲಿಂದಲೇ ಹಿಂದಕ್ಕೆ ಸರಿದ.

"ಮಂದೀನ ಹೊರಗ ಹಾಕ್ರಿ ಮಾಸ್ತರ್ರ. ಈಗ. ಮುಂಜಾನಿ ತನಕ ನಿಲ್ಲಂಗಿಲ್ಲ ಇದು."

ಮಾಸ್ತರು ಬೇವಿನ ಮರದ ಕೆಳಗೆ ನಿಂತು ಕೂಗಿ ಹೇಳಿದರು: "ಹಿಂದಿನ ಗ್ವಾಡಿ ಕುಸಿಯಾಕತ್ಯಾವ. ಎಲ್ಲಾರೂ ಮನಿ ಖಾಲಿ ಮಾಡ್ರಿ!"

ಖಾಲಿ ಎಂಬ ಆ ಒಂದು ಮಾತನ್ನು ಅವರು ಆಡಬಾರದಿತ್ತು. ಮಕ್ಕಳು ಬಂದರು, ಹಾಸಿಗೆ ಬಂದವು, ಆಡು ಬಂದವು, ಕಾಳಿನ ಚೀಲ ಬಂದವು. ಆದರೆ ಪ್ರತಿ ಮನೆಯ ಬಾಗಿಲಲ್ಲೂ ಒಬ್ಬರು ಹಿಂದೆ ಸರಿದು ಒಳಗೇ ಉಳಿದರು. ಒಂದರ ಹಿಂದೆ ಒಂದರಂತೆ ಬೆಳಕಿಂಡಿಗಳಿಂದ ಹೊಗೆ ಎದ್ದಿತು. ಕೆಲವರು ಹಸಿ ಕಟ್ಟಿಗೆಯನ್ನೇ ತುರುಕಿದ್ದರು, ಹೊಗೆ ದಟ್ಟವಾಗಿ ಕಾಣಲೆಂದು.

ಹಣೆಬರಹವೆಂದು ಸಾಯಲು ಕುಳಿತ ಜನ ಅಲ್ಲ ಅವರು. ತೊಲೆ ಬೀಳಬಹುದು, ಬೀಳದಿರಲೂಬಹುದು ಎಂದುಕೊಂಡಿದ್ದರು. ಒಲೆ ಆರಿದರೆ ಮನೆ ಹೋಗುವುದು ಮಾತ್ರ ಖಂಡಿತ, ಎದುರು ಮನೆಯ ಬೀಗವೇ ಕಣ್ಣ ಮುಂದಿತ್ತಲ್ಲ.

ನಮ್ಮ ಮನೆಯಲ್ಲಿ ಉಳಿದವಳು ಅವ್ವ. ಮತ್ತ್ಯಾರಿದ್ದರು? ನಾನು ಬಾಗಿಲಿಗೆ ಓಡಿದೆ. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ತೊಗರಿಕಟ್ಟಿಗೆ ಮುರಿದು ಹಾಕುತ್ತಿದ್ದಳು. ತಲೆಯ ಮೇಲೆಯೇ ಆ ತೊಲೆ.

"ಅವ್ವಾ, ಹೊರಗ ಬಾ."

"ರೊಟ್ಟಿ ಮಾಡೀನಿ, ತಿನ್ನು ಹೋಗು."

"ತೊಲಿ ನೋಡವಾ ಒಮ್ಮಿ!"

"ನೋಡೀನಿ. ನಿಮ್ಮಪ್ಪ ಕೂಡಿಸಿದ್ದದು." ಕಡ್ಡಿ ಮುರಿದಳು. "ನೀ ಸಂಘದಾಕಿ. ನಿನಗ ಹೇಳಿ ಕಳಿಸ್ಯಾರೇನು ನನ್ನ ಹೊರಗ ತರಾಕ?"

ಆ ಮಾತು ನನಗೆ ಬಡಿದಷ್ಟು ತೊಲೆ ಬಿದ್ದರೂ ಬಡಿಯುತ್ತಿರಲಿಲ್ಲ. ಒಳಗೆ ಹೋಗಿ ತೋಳು ಹಿಡಿದು ಎಳೆದೆ. ಅವಳು ಕಲ್ಲಾಗಿ ಕುಳಿತಳು. ಆಗ ಮೇಲೆ ಟಕ್ ಎಂದಿತು. ಹುರಿದ ಹುಣಸೆಬೀಜವನ್ನು ಹಲ್ಲಲ್ಲಿ ಒಡೆದಂಥ ಸಣ್ಣ ಶಬ್ದ. ಸ್ವಲ್ಪ ಮಣ್ಣು ಹಿಟ್ಟಿನ ಪರಾತದ ಮೇಲೆ ಉದುರಿತು. ಅವ್ವ ಅದನ್ನು ನೋಡಿದಳು. ಪರಾತವನ್ನು ಸರಿಸಿಟ್ಟಳು. ಎದ್ದೇಳಲಿಲ್ಲ.

ನಾನು ಹೊರಗೆ ಓಡಿಬಂದು ಮಾಸ್ತರರನ್ನು ಹಿಡಿದುಕೊಂಡೆ. "ಸರ್, ಖಾಲಿ ಅಲ್ಲ ಅಂತ ಹೇಳ್ರಿ. ಹಳೇ ಕಿರಾಯಿನೇ ಇರ್ತದ ಅಂತ ಹೇಳ್ರಿ. ನೀವು ಅಂದ್ರ ಹೊರಗ ಬರ್ತಾರ."

ಅವರು ತಕ್ಷಣ ಬಾಯಿ ತೆರೆಯಲಿಲ್ಲ. ಏಕೆಂದು ನನಗೆ ಗೊತ್ತಿತ್ತು, ಆ ಸಾಲಿನಲ್ಲಿ ಅದು ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಈ ಮನೆಗಳು ನಿಜಕ್ಕೂ ಖಾಲಿಯಾದರೆ, ಹೊಸ ಕಿರಾಯಿಯ ಭರವಸೆ ತೋರಿಸಿ ಬ್ಯಾಂಕಿನಿಂದ ಮತ್ತೆ ಸಾಲ ತರಬಹುದಿತ್ತು, ಕಟ್ಟಬಹುದಿತ್ತು, ಹೊಸ ಗೋಡೆ ನೋಡಿ ಪೇಟೆಯವರು ಬರುತ್ತಿದ್ದರು, ಸಂಘ ಉಳಿಯುತ್ತಿತ್ತು. ಖಾಲಿಯಾಗಲಿಲ್ಲವೆಂದರೆ ಸಂಘದ ಪಾಲಿಗೆ ಉಳಿಯುವುದು ಮುರಿದ ಗೋಡೆ ಮತ್ತು ಹಳೆಯ ಕಿರಾಯಿ. ಹಳೆಯ ಕಿರಾಯಿ ನಂಬಿ ಸಾಲ ಕೊಡಲಾಗದು ಎಂದೇ ಬ್ಯಾಂಕಿನವರು ಅಂದು ಅವರಿಗೆ ಹೇಳಿ ಕಳಿಸಿದ್ದರು. ಮಾಸ್ತರು ಕೆಟ್ಟವರಲ್ಲ. ಆದರೆ ಎಷ್ಟು ಹೊತ್ತು ಸುಮ್ಮನಿದ್ದರು ಎಂಬುದನ್ನು ನಾನು ಇವತ್ತಿಗೂ ಮನಸ್ಸಿನಲ್ಲಿ ಅಳೆಯುತ್ತೇನೆ. ಒಮ್ಮೊಮ್ಮೆ ಒಂದು ಉಸಿರಿನಷ್ಟು ಅನ್ನಿಸುತ್ತದೆ, ಒಮ್ಮೊಮ್ಮೆ ಒಂದು ಸಂಜೆಯಷ್ಟು.

ಕಾಕಾ ತನ್ನ ಬಾಗಿಲೊಳಗಿಂದಲೇ ಕೂಗಿದ: "ಯಾಕ್ರಿ ಮಾಸ್ತರ್ರ, ಲೆಕ್ಕ ಹತ್ತವಲ್ದೇನು? ನಿಮ್ಮ ಕ್ಲರ್ಕಮ್ಮನ್ನ ಕೇಳ್ರಿ, ಬಿ.ಕಾಂ. ಮಾಡ್ಯಾಳ!"

ಯಾರೋ ನಕ್ಕರು. ಮಾಸ್ತರು ಟೊಪ್ಪಿಗೆ ತೆಗೆದು ನನ್ನ ಕೈಗೆ ಕೊಟ್ಟರು.

"ಕೇಳ್ರಿ ಎಲ್ಲಾರೂ," ಎಂದರು. "ಒಲಿ ಆರಸೂದು ಬ್ಯಾಡ. ನಿಮ್ಮ ನಿಮ್ಮ ಒಲಿ ಕೆಂಡ ತಂದು ಇಲ್ಲಿ ಅಂಗಳದಾಗ ಹಚ್ರಿ. ಇಲ್ಲಿ ಹೊಗಿ ಇರೂತನ ಅಲ್ಲಿ ಮನಿ ನಿಮ್ಮದ. ಕಮಿಟಿ ನನ್ನ ತಗೀಲಿ ಬೇಕಾದ್ರ."

"ಬಾಯಿ ಮಾತು!" ಎಂದ ಕಾಕಾ.

"ಬಾಯಿ ಮಾತಲ್ಲ. ಮೊದಲನೇ ಕೆಂಡ ನಾ ತರ್ತೀನಿ."

ನಾನು ತಡೆಯುವಷ್ಟರಲ್ಲಿ ಅವರು ಧೋತರದ ಚುಂಗು ಸಿಕ್ಕಿಸಿಕೊಂಡು ನಮ್ಮ ಮನೆಯ ಕಡೆಗೇ ನಡೆದರು. ಮರಕ್ಕೆ ಹತ್ತಿರದ ಮನೆ ನಮ್ಮದೇ. ಬಾಗಿಲಲ್ಲಿ ಬಗ್ಗಿದರು, ಒಳಗೆ ಹೋದರು. ಇಬ್ಬರೂ ಈಗ ಆ ತೊಲೆಯ ಕೆಳಗೆ. ಅವ್ವನ ಮಾತು ಕೇಳಿಸಿತು: "ಅಯ್ಯ, ನೀವ್ಯಾಕ ಬಂದ್ರಿ? ಚಪ್ಪಲಿ ಬಿಟ್ಟು ಬರ್ರಿ, ಅಡಗಿ ಮನಿ ಇದು." ಮಾಸ್ತರು ಚಪ್ಪಲಿ ಬಿಟ್ಟರು! ತೊಲೆ ಬೆರಳಷ್ಟು ಆಧಾರದಲ್ಲಿ ನಿಂತಿತ್ತು, ಅದರ ಕೆಳಗೆ ನಿಂತು ಅವರು ಚಪ್ಪಲಿ ಬಿಡುತ್ತಿದ್ದರು.

"ತಂಗಿ, ಹಂಚು ಕೊಡು. ಕೆಂಡ ಹಾಕು."

"ಮುಂದ ಮಾತು ತಿರುಗಸಂಗಿಲ್ಲಲ್ರಿ?"

"ಇಲ್ಲವಾ. ಜಲ್ದಿ."

"ನಿಮ್ಮ ವಿದ್ಯೆ ಮ್ಯಾಲ ಆಣಿ ಮಾಡ್ರಿ."

ಅವರು ಆಣೆ ಮಾಡಿದರು. ಕೆಂಡ ಹಂಚಿಗೆ ಬಿದ್ದ ಸದ್ದು ಬಂತು. ಮಾಸ್ತರು ಎರಡೂ ಕೈಯಲ್ಲಿ ಹಂಚು ಹಿಡಿದು ಬರಿಗಾಲಲ್ಲಿ ಹೊರಬಂದರು. ಹಿಂದೆ ಅವ್ವ, ಕಂಕುಳಲ್ಲಿ ಪರಾತ.

ಅಂಗಳಕ್ಕೆ ಇಳಿದ ಅವ್ವ ತಿರುಗಿ ನಿಂತಳು. ಮನೆ ಬಿಟ್ಟು ಹೋಗುವಾಗ ಬಾಗಿಲು ಎಳೆದುಕೊಳ್ಳದೆ ಹೋದವಳಲ್ಲ ಅವಳು. ಚಿಲಕದ ಸರಪಳಿ ಹಿಡಿದು ಎಳೆದಳು. ಬಾಗಿಲು ಬರಲಿಲ್ಲ. ಪರಾತ ಕೆಳಗಿಟ್ಟು, ಒಂದು ಕಾಲನ್ನು ಹೊಸ್ತಿಲಿಗೆ ಕೊಟ್ಟು, ಜಗ್ಗಿದಳು. ಮಧ್ಯಾಹ್ನದಿಂದ ಮುಂದಿನ ಗೋಡೆಯ, ತೊಲೆಗಳ ಭಾರವನ್ನೆಲ್ಲ ಹೊತ್ತು ನಿಂತದ್ದು ಆ ವಾರೆಯಾದ ಚೌಕಟ್ಟೇ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ನನಗೂ ಗೊತ್ತಿರಲಿಲ್ಲ. ಗವಂಡಿಗೆ ಗೊತ್ತಿತ್ತು. ಅವನು "ಏ ಬಿಡು ಬಿಡು ಬಿಡು!" ಎಂದು ಕೂಗಿದ್ದು ನನಗೆ ಇನ್ನೂ ಕೇಳಿಸುತ್ತದೆ.

ಶಬ್ದ ನಾನು ಎಣಿಸಿದಷ್ಟು ದೊಡ್ಡದಿರಲಿಲ್ಲ. ಗಾಡಿಯಿಂದ ಕಾಳಿನ ಚೀಲಗಳನ್ನು ಒಮ್ಮೆಗೇ ಇಳಿಸಿದ ಹಾಗೆ. ಆಮೇಲೆ ಧೂಳು. ಬಾಗಿಲಿದ್ದ ಕಡೆ ಬಾಗಿಲಿಲ್ಲ, ಅವ್ವ ಇದ್ದ ಕಡೆ ಅವ್ವ ಇಲ್ಲ. ನಾನು ಕೂಗಿದೆನೆಂದು ಎಲ್ಲರೂ ಹೇಳುತ್ತಾರೆ. ನನಗೆ ನೆನಪಿರುವುದು ಕೈಯಲ್ಲಿದ್ದ ಟೊಪ್ಪಿಗೆಯ ಬೆವರು ಮಾತ್ರ.

ಧೂಳಿನೊಳಗಿಂದ ಕೆಮ್ಮು ಬಂತು. ಅವ್ವ ಅಂಗಳದಲ್ಲಿ ಹಿಂದಕ್ಕೆ ಬಿದ್ದಿದ್ದಳು. ಸರಪಳಿ ಕಿತ್ತು ಬಂದಿದ್ದರಿಂದ, ಜಗ್ಗಿದ ರಭಸಕ್ಕೆ ಅವಳು ಹೊರಗೆ ಬಿದ್ದಿದ್ದಳು. ಬಾಗಿಲೇನಾದರೂ ಅವಳ ಮಾತು ಕೇಳಿ ಹಾಕಿಕೊಂಡಿದ್ದರೆ ಅವಳು ಚೌಕಟ್ಟಿನ ಕೆಳಗೇ ಇರುತ್ತಿದ್ದಳು. ಪಾದದ ಮೇಲೆ ಒಂದು ಕಲ್ಲು ಉರುಳಿ ಎರಡು ಬೆರಳು ಜಜ್ಜಿದ್ದವು. ಕೈಯಲ್ಲಿ ಸರಪಳಿ ಇನ್ನೂ ಇತ್ತು.

"ಕೆಂಡ ಅದಾವೇನು?" ಎಂದು ಕೇಳಿದಳು.

ಮಾಸ್ತರು ಹಂಚನ್ನು ಎದೆಗೆ ಹತ್ತಿರ ಹಿಡಿದು ನಿಂತೇ ಇದ್ದರು. ಅಂಗೈ ಸುಟ್ಟು ಬೊಬ್ಬೆ ಬಂದದ್ದು ಅವರಿಗೆ ಆಮೇಲೆ ತಿಳಿಯಿತು.

ಆಮೇಲೆ ಯಾರಿಗೂ ಹೇಳಬೇಕಾಗಲಿಲ್ಲ. ಕತ್ತಲಾಗುವುದರೊಳಗೆ ಎಲ್ಲರೂ ಹಂಚು, ಒಡೆದ ಗಡಿಗೆ, ಕಬ್ಬಿಣದ ಪುಟ್ಟಿಗಳಲ್ಲಿ ಕೆಂಡ ಹೊತ್ತು ಹೊರಬಂದರು. ಕಾಕಾ ಕೊನೆಯವನು. "ನೀರು ಬಿಟ್ಟು ಬಂದ ಮೀನು ನಾ, ಬೆಂಕಿ ಹೊತಗೊಂಡು ತಿರಗಾಕತ್ತೀನಿ," ಎಂದ. ಆ ವಾರದಲ್ಲಿ ಇನ್ನೆರಡು ಮನೆಗಳ ಗೋಡೆ ಕುಸಿದವು, ಒಳಗೆ ಯಾರೂ ಇರಲಿಲ್ಲ.

ಬೇವಿನ ಮರದ ಸುತ್ತ ತಾಡಪತ್ರಿಯ ಗುಡಾರ ಕಟ್ಟಿಕೊಂಡು ಇದ್ದೆವು. ಮೂರು ಮೂರು ಕಲ್ಲಿನ ಒಲೆಗಳು ಮನೆಗಳಿದ್ದ ಕ್ರಮದಲ್ಲೇ ಸಾಲಾಗಿ ಕುಳಿತವು. ಮಾಸ್ತರು ಆಣೆ ಮಾಡಿದ್ದರು, ಸರಿ. ಆದರೆ ಕಮಿಟಿ ಆಣೆ ಮಾಡಿರಲಿಲ್ಲ. ಹಾಗಾಗಿ ಒಲೆ ಕಾಯುವುದು ನಿಲ್ಲಲಿಲ್ಲ. ಅವ್ವ ಬ್ಯಾಂಡೇಜಿನ ಕಾಲು ಚಾಚಿಕೊಂಡು ಅರ್ಧ ರಾತ್ರಿ, ನಾನು ಅರ್ಧ ರಾತ್ರಿ. ನಿದ್ದೆ ಬಂದರೆ ಆ ಟಕ್ ಎಂಬ ಶಬ್ದ ಕೇಳುತ್ತಿತ್ತು, ಎದ್ದು ಕೂರುತ್ತಿದ್ದೆ. ತಲೆಯ ಮೇಲೆ ತಾಡಪತ್ರಿ ಬಿಟ್ಟರೆ ಬೀಳುವಂಥದ್ದೇನೂ ಇರಲಿಲ್ಲ. ಆದರೂ ಕೇಳುತ್ತಿತ್ತು.

ಮಾಸ್ತರು ಕೈಗೆ ಬಟ್ಟೆ ಸುತ್ತಿಕೊಂಡೇ ಸಭೆ ಕರೆದರು. ಸಂಘದ ಸ್ಥಿತಿಯನ್ನು ಅಂದು ಅವರು ಮೊದಲ ಬಾರಿಗೆ ಸಾಲಿನವರ ಮುಂದೆ ಬಿಚ್ಚಿ ಹೇಳಿದರು.

"ನಿಮ್ಮಲ್ಲಿ ಒಬ್ಬರು ಮನಿ ಬಿಟ್ರನ ಉಳಿದವರ ಮನಿಗೆ ಸುಣ್ಣ. ಇಂಥಾ ನಿಯಮ ಇಟಗೊಂಡು ನಾವು ನಿಮ್ಮನ್ನ ಕಾಯಾಕತ್ತಿದ್ವೋ, ನೀವು ಹೋಗೂದನ್ನ ಕಾಯಾಕತ್ತಿದ್ವೋ, ನನಗ ತಿಳೀವಲ್ದು."

"ನಮಗ ತಿಳದಿತ್ತು ಬಿಡ್ರಿ," ಎಂದ ಕಾಕಾ.

ಅವರ ಸೂಚನೆ ಇಷ್ಟೇ. ಪ್ರತಿ ಯುಗಾದಿಗೆ ಎಲ್ಲ ಮನೆಗಳ ಕಿರಾಯಿ ಸ್ವಲ್ಪ ಸ್ವಲ್ಪ ಏರಲಿ, ಹಳಬರು ಹೊಸಬರೆಂಬ ಭೇದ ಬೇಡ. ಯಾರು ಎಷ್ಟು ದಿನ ಊರಿಗೆ ಹೋದರೂ ಕಿರಾಯಿ ಬದಲಾಗದು. ಏರಿದ ದುಡ್ಡು ಮೊದಲು ಗೋಡೆಗೆ, ಆಮೇಲೆ ಬೇರೆಯದಕ್ಕೆ. ಜಗಳವಾಯಿತು, ಆಗದೆ ಇರುತ್ತದೆಯೇ? ಇಷ್ಟು ವರ್ಷ ಏರದ ಕಿರಾಯಿ ಈಗ ಗೋಡೆ ಬಿದ್ದ ಮೇಲೆ ಏರಬೇಕೇ ಎಂದು ಒಬ್ಬರು ಎದ್ದು ಹೋದರು. ಎರಡು ಕುಟುಂಬ ಬಳಿಚಕ್ರದ ಕಡೆಗೆ ನೆಂಟರ ಮನೆಗೆ ಹೋದವು, ತಿರುಗಿ ಬರಲಿಲ್ಲ. ಅವರ ಒಲೆಯ ಕಲ್ಲುಗಳು ಮರದ ಕೆಳಗೆ ಹಾಗೇ ಉಳಿದವು.

"ವರ್ಷಾ ವರ್ಷಾ ಏರಿಸ್ಕೊಂತ ಹೋದ್ರ ನಾ ಸತ್ತ ಮ್ಯಾಲೂ ಏರಸ್ತೀರೇನು?" ಎಂದ ಕಾಕಾ.

"ಸತ್ತ ಮ್ಯಾಲ ನಿನಗ ಖಾಯಮ್ ಮನಿ ಸಿಗ್ತದ, ಅದಕ್ಕ ಕಿರಾಯಿ ಇಲ್ಲ," ಎಂದಳು ಅವ್ವ. ಜನ ನಕ್ಕರು. ನಗು ಇಳಿದ ಮೇಲೆ ಅವಳು ಮಾಸ್ತರರ ಕಡೆ ತಿರುಗಿದಳು. "ಹೆಚ್ಚು ಕೊಡ್ತೀನ್ರಿ. ಎರಡು ಮನಿ ಕಸ ಮುಸರಿ ಹೆಚ್ಚಿಗಿ ಮಾಡಿ ಕೊಡ್ತೀನಿ. ಖರೇ, ನನ್ನ ಮಗಳ ಮದಿವಿ ದಿನ ನಾ ಒಲಿ ಕಾಯ್ಕೊಂತ ಮನ್ಯಾಗ ಕೂಡಂಗಿಲ್ಲ. ಅದನ್ನ ಬರದು ಕೊಡ್ರಿ."

ಕೈ ಎತ್ತಿದವರು ಹೆಚ್ಚಿದ್ದರು. ಆದರೆ ಷರತ್ತು ಸರಕಾರದ್ದು, ಬದಲಿಸಲು ಕಲಬುರ್ಗಿಯ ಕಚೇರಿಯ ಒಪ್ಪಿಗೆ ಬೇಕು. ಯಾದಗಿರಿ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಮಾಸ್ತರು, ನಾನು ಬಸ್ಸು ಹತ್ತಿ ಇಳಿದೆವು, ಇಳಿದು ಹತ್ತಿದೆವು. ಒಬ್ಬ ಅಧಿಕಾರಿ, "ಬಡವರ ಕಿರಾಯಿ ಏರಿಸಾಕ ಬಡವರೇ ಅರ್ಜಿ ಹಾಕ್ಯಾರಾ?" ಎಂದು ಎರಡೆರಡು ಸಲ ಕೇಳಿದರು. ಅವ್ವನ ಪಾದವನ್ನು ಅವರಿಗೆ ಹೇಗೆ ತೋರಿಸುವುದು? ನಾನು ಸುಮ್ಮನೆ ಹೌದು ಎಂದೆ. ಇತ್ತ ಬ್ಯಾಂಕಿನವರು ಮುಂದಿನ ಕಿರಾಯಿಯ ಭರವಸೆಯ ಮೇಲೆ ಕಂತನ್ನು ಹಿಗ್ಗಿಸಿ ಸ್ವಲ್ಪ ಸಾಲ ಕೊಟ್ಟರು. ಯರೆಮಣ್ಣನ್ನು ಆಳಕ್ಕೆ ತೋಡಿ ತೆಗೆದು, ಉಬ್ಬದ ಗರಸು ಮಣ್ಣು ತುಂಬಿ, ಗೋಡೆ ಎಬ್ಬಿಸಿದರು. ನಮ್ಮ ಮನೆಗೆ ಹಳೆಯ ಬಾಗಿಲನ್ನೇ ಕೂಡಿಸಿದರು. ಅವ್ವ ಕಾದಿಟ್ಟಿದ್ದ ಸರಪಳಿಯನ್ನೇ ಹಾಕಿಸಿದಳು.

ಒಪ್ಪಿಗೆಯ ಪತ್ರ ಬೇಸಿಗೆಯ ಒಂದು ಮಧ್ಯಾಹ್ನ ಬಂತು. ಮರದ ಕೆಳಗೆ ನಾನೇ ಓದಿ ಹೇಳಿದೆ. ಅವ್ವ ಎರಡು ಸಲ ಓದಿಸಿದಳು. ಸಂಜೆ ಒಲೆಯ ಕೆಂಡವನ್ನು ಹೊಸ ಮನೆಗೆ ಒಯ್ದೆವು, ರೊಟ್ಟಿ ಬೇಯಿಸಿ ಉಂಡೆವು.

ಮಲಗುವ ಮೊದಲು ಅವ್ವ ಅಭ್ಯಾಸಬಲದಿಂದ ಕುಳ್ಳು ಕೈಗೆತ್ತಿಕೊಂಡಳು. ಒಲೆಯ ಮುಂದೆ ಹಾಗೇ ಕುಳಿತಳು. ನಾನು ಹಾಸಿಗೆಯಿಂದ ನೋಡುತ್ತಿದ್ದೆ. ಕುಳ್ಳನ್ನು ಮತ್ತೆ ಬುಟ್ಟಿಗೆ ಹಾಕಿ, ಕೈ ಝಾಡಿಸಿ, ಎದ್ದು ಬಾಗಿಲು ಎಳೆದಳು. ಹಾಕಿಕೊಂಡಿತು.

ಈಗ ಯಾದಗಿರಿಯಲ್ಲಿ ನನ್ನ ಸ್ವಂತ ಮನೆಯಿದೆ. ಮಧ್ಯಾಹ್ನ ಮನೆಯಲ್ಲಿದ್ದರೆ, ಮೂರು ಹೊಡೆಯುವ ಮುಂಚೆ ಯಾವುದಾದರೂ ಒಂದು ಬಾಗಿಲನ್ನು ಹಾಕಿ ತೆಗೆದು ನೋಡುತ್ತೇನೆ. ಮಕ್ಕಳು ನಗುತ್ತಾರೆ. ಆದರೆ ಹೊಸ ಗೋಡೆಗಳೊಳಗಿನ ಆ ಮೊದಲ ರಾತ್ರಿ ನನಗೆ ಆ ಟಕ್ ಎಂಬ ಶಬ್ದ ಕೇಳಿಸಲಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಅವ್ವ ಒಲೆಯ ಮುಂದೆ ಕುಳಿತು ಬೂದಿಯೊಳಗೆ ಬೆರಳಾಡಿಸುತ್ತಿದ್ದಳು. ಬೂದಿ ತಣ್ಣಗಿತ್ತು.

"ಇಬ್ಬರೂ ಸತ್ತವರಂಗ ಮಲಗೀವಲ್ಲೇ," ಎಂದಳು. ಆಮೇಲೆ ಸುತ್ತ ನೋಡಿದಳು. "ಚಾ ಹೆಂಗ ಕಾಸಬೇಕೀಗ? ಕಾಕಾನ ಮನಿಗೆ ಹೋಗಿ ಕೆಂಡ ತಗೊಂಬಾ."

ಹೋದೆ. ಕಾಕಾನ ಬಾಗಿಲು ಹಾಕಿತ್ತು. ಒಳಗೆ ಗೊರಕೆ ಕೇಳಿಸುತ್ತಿತ್ತು. ಅದರಾಚೆಯ ಮನೆಗೆ ಹೋದೆ, ಅಲ್ಲಿಯೂ ಬೂದಿ ತಣ್ಣಗಿತ್ತು. ಸಾಲಿನುದ್ದಕ್ಕೂ ಒಂದು ಬೆಳಕಿಂಡಿಯಲ್ಲಿಯೂ ಹೊಗೆ ಇರಲಿಲ್ಲ. ಕೊನೆಗೆ ನಾನು ಊರ ಅಗಸಿಬಾಗಿಲವರೆಗೆ ನಡೆದುಹೋಗಿ, ಕಿರಾಣಿ ಅಂಗಡಿಯಲ್ಲಿ ಒಂದು ಕಡ್ಡಿಪೆಟ್ಟಿಗೆ ಕೊಂಡು ತಂದೆ.